ಕಡಲಿನ ನಡುವೆ ಇಳಿಯುವ ಬಗೆ

ಆಕಾಶಯಾನವೆಂದರೆ ಮೇಲೇರುವುದೇ ಸಾಹಸ, ಇಳಿಯುವುದು ತಾನಾಗಿ ಆಗತಕ್ಕ ಕೆಲಸ ಎಂದು ನಮ್ಮಲ್ಲಿ ಅನೇಕರ ಭಾವನೆ. ಕಡಲಿನ ತೈಲಸ್ಥಾವರಗಳ ವಿಷಯದಲ್ಲಿ ಇದು ಸಲ್ಲದು. ನನ್ನ ಅಳಿಯಂದಿರು ಮುಂಬಯಿ ಹೈ ಎಂಬ ತೈಲಕ್ಷೇತ್ರದಲ್ಲಿ ಉದ್ಯೋಗಸ್ಥರಾಗಿರುವುದರಿಂದ ಈ ಸಂಗತಿಯನ್ನು ವಿಚಾರಿಸಿ ತಿಳಿಯುವ ಪ್ರಸಂಗವು ನನಗೆ ಒದಗಿತು. 1974ರಲ್ಲಿ ಪತ್ತೆಯಾದ ಆ ಕ್ಷೇತ್ರವು ಮುಂಬಯಿಗೆ ಪಶ್ಚಿಮದಲ್ಲಿ ಸುಮಾರು 160 ಕಿಲೋಮೀಟರು ದೂರದಲ್ಲಿದೆ. ಜುಹುವಿನ ನಿಲ್ದಾಣದಿಂದ ಹೆಲಿಕಾಪ್ಟರಿನಲ್ಲಿ ಹೋಗಬೇಕು. 14 ದಿನ ಕಡಲಿನಲ್ಲಿ, 14 ದಿನ ಮನೆಯಲ್ಲಿ. ಹೊರಟ ದಿವಸ ತಲುಪಿದ ಸುದ್ದಿ ಬರುವವರೆಗೂ ನನ್ನ ಮಗಳು ಊಟಕ್ಕೆ ಏಳುವುದಿಲ್ಲ. 2022ರ ಜೂನ್ 28ರಂದು ಸಾಗರಕಿರಣವೆಂಬ ರಿಗ್ಗಿನ ಸಮೀಪದಲ್ಲಿ ಹೆಲಿಕಾಪ್ಟರೊಂದು ನೀರಿಗೆ ಬಿದ್ದು, ಒಳಗಿದ್ದ 9 ಮಂದಿಯಲ್ಲಿ 4 ಮಂದಿ ತೀರಿಕೊಂಡರು. ಅಂದಿನಿಂದ ಅವಳಿಗೆ ಸಮಾಧಾನ ಹೇಳುವುದನ್ನು ನಾನು ಬಿಟ್ಟಿದ್ದೇನೆ.

ಇಳಿಯುವ ಸ್ಥಳವು ನೆಲವಲ್ಲ. ಕಡಲಿನ ಮೇಲೆ ಎತ್ತರದಲ್ಲಿ ಕಟ್ಟಿದ ಒಂದು ಅಟ್ಟ. ಅದರ ನಡುವೆ ವೃತ್ತವೂ ಒಂದು ದೊಡ್ಡ ಅಕ್ಷರವೂ, ಅಂಚಿನಲ್ಲಿ ಹಸುರು ದೀಪಗಳೂ, ಜಾರಿದವರನ್ನು ಹಿಡಿಯುವ ಬಲೆಯೂ ಇರುತ್ತವೆ. ಒಂದು ಪಾರ್ಶ್ವದಲ್ಲಿ ಕ್ರೇನುಗಳೂ ಗೋಪುರಗಳೂ ಅನಿಲವನ್ನು ಉರಿಸುವ ಕೊಳವೆಯೂ ನಿಂತಿರುತ್ತವೆ. ಆದಕಾರಣ ಅಟ್ಟದ ಸುತ್ತಲಿನ 360 ಅಂಶಗಳಲ್ಲಿ 210 ಅಂಶಗಳ ದಿಕ್ಕಾದರೂ ಅಡಚಣೆಯಿಲ್ಲದೆ ತೆರೆದಿರಬೇಕೆಂಬುದು ನಿಯಮ. ಗಾಳಿಗೆ ಎದುರಾಗಿ ಬರುವುದು ಶ್ರೇಯಸ್ಕರ. ಆದರೆ ಗಾಳಿಯು ಗೋಪುರಗಳ ಕಡೆಯಿಂದಲೇ ಬೀಸಿದರೆ ಸುಳಿಗಟ್ಟಿ ಬರುತ್ತದೆ. ಯಂತ್ರಗಳ ಬಿಸಿ ಹೊಗೆಯನ್ನೂ ತರುತ್ತದೆ. ಬಿಸಿಗಾಳಿ ತೆಳುವಾದುದು, ರೆಕ್ಕೆಗೆ ಆಧಾರ ಕೊಡದು. ಹೀಗೆ ಗಾಳಿಯೊಂದು ದಾರಿ ಹೇಳಿದರೆ ಅಡಚಣೆಗಳು ಇನ್ನೊಂದು ಹೇಳುತ್ತವೆ.

ರಾತ್ರಿಯಲ್ಲಂತೂ ಕಣ್ಣನ್ನು ನಂಬುವಂತಿಲ್ಲ. ಸುತ್ತಲೂ ಕಗ್ಗತ್ತಲೆ, ದಿಗಂತವೆಂಬುದೇ ಇಲ್ಲ; ದೂರದಲ್ಲಿ ಒಂದೇ ದೀಪಪುಂಜ. ಅದನ್ನು ನೋಡಿ ತಾನೆಷ್ಟು ಎತ್ತರದಲ್ಲಿರುವೆನೆಂದು ಎಣಿಸುವವನು ಮೋಸಹೋಗುವುದು ಸಹಜ. 2009ರ ಫೆಬ್ರವರಿ 18ರ ರಾತ್ರಿ ಸ್ಕಾಟ್ಲೆಂಡಿನ ಅಬರ್ಡೀನಿನಿಂದ ಹೊರಟ ಹೆಲಿಕಾಪ್ಟರೊಂದು ಉತ್ತರ ಸಮುದ್ರದ ಈಟ್ಯಾಪ್ ಸ್ಥಾವರಕ್ಕೆ ಸಮೀಪಿಸುತ್ತಿತ್ತು. ಯಂತ್ರವು ಕೆಟ್ಟಿರಲಿಲ್ಲ. ಸ್ಥಾವರಕ್ಕೆ ತಾವೆಲ್ಲಿದ್ದೇವೆಂಬ ಅಂದಾಜು ಪೈಲಟರಿಗೆ ತಪ್ಪಿ, ಅದು ಮೆಲ್ಲನೆ ನೀರಿಗೆ ಇಳಿದುಬಿಟ್ಟಿತು. ಎತ್ತರ ಕಡಮೆಯಾಯಿತೆಂದು ಕೂಗಬೇಕಾದ ಎರಡು ಎಚ್ಚರಿಕೆಗಳಲ್ಲಿ ಒಂದು ಮೊಳಗಲಿಲ್ಲ, ಇನ್ನೊಂದನ್ನು ಪೈಲಟರೇ ತಡೆಹಿಡಿದಿದ್ದರು. ಒಳಗಿದ್ದ 18 ಮಂದಿಯೂ ಬದುಕಿದುದು ದೈವಕೃಪೆಯೆನ್ನಬೇಕು.

ಈ ಕಾರಣದಿಂದಲೇ ಇಬ್ಬರು ಪೈಲಟರಲ್ಲಿ ಒಬ್ಬನು ನಡೆಸುವಾಗ ಇನ್ನೊಬ್ಬನು ಮುಳ್ಳುಗಳನ್ನು ನೋಡುತ್ತ ವೇಗವನ್ನೂ ಎತ್ತರವನ್ನೂ ಬಾಯಿಬಿಟ್ಟು ಹೇಳಬೇಕು. ಪಾಠಶಾಲೆಯಲ್ಲಿ ಅಮರಕೋಶವನ್ನು ಒಪ್ಪಿಸುವಾಗ ಎದುರಿಗೆ ಕೇಳುವವನೊಬ್ಬನನ್ನು ಕೂರಿಸುತ್ತಿದ್ದರು. ಒಪ್ಪಿಸುವವನು ಎಷ್ಟೇ ಹಿರಿಯನಾಗಲಿ, ಒಂದು ಅಕ್ಷರ ಜಾರಿದೊಡನೆ ಕೇಳುವವನು ತಡೆಯಲೇಬೇಕು. ದಾಕ್ಷಿಣ್ಯಕ್ಕೆ ಸುಮ್ಮನಿದ್ದರೆ ಪೆಟ್ಟು ಅವನಿಗೇ ಬೀಳುತ್ತಿತ್ತು. ಹಿರಿಯರ ಮಾತಿಗೆ ಎದುರಾಡಬಾರದೆಂದು ಬೆಳೆದ ನಮ್ಮ ಮಕ್ಕಳಿಗೆ ಇದು ಸುಲಭವಾಗಿ ಬರುವ ವಿದ್ಯೆಯಲ್ಲ. ಪಕ್ಕದವನು "ಎತ್ತರ ಸಾಲದು" ಎಂದರೆ ಅದು ಅವಿಧೇಯತೆಯಲ್ಲ, ಅವನ ಕರ್ತವ್ಯ.

ಮಂಜು ಕವಿದಾಗ ರೇಡಾರಿನ ನೆರವಿನಿಂದ ಬರುತ್ತಾರೆ. ಆಗಿನ ರೂಢಿಯ ಕಟ್ಟಳೆ ಇದು: ಮುಕ್ಕಾಲು ನಾಟಿಕಲ್ ಮೈಲಿ, ಅಂದರೆ ಸುಮಾರು 1.4 ಕಿಲೋಮೀಟರು, ಉಳಿದಾಗಲೂ ಸ್ಥಾವರವು ಕಣ್ಣಿಗೆ ಬೀಳದಿದ್ದರೆ ಹಿಂದಿರುಗತಕ್ಕದ್ದು. ತಿರುಗುವುದಕ್ಕೆ ಬಯಲು ಇರಲೆಂದೇ ಸ್ಥಾವರದ ನೇರಕ್ಕೆ ಬಾರದೆ ಸ್ವಲ್ಪ ಓರೆಯಾಗಿ ಬರುತ್ತಾರೆ. ಇಷ್ಟು ದೂರ ಬಂದಿದ್ದೇವೆ, ಇನ್ನೊಂದು ಕ್ಷಣ ನೋಡೋಣವೆಂಬ ಆಸೆಯೇ ಇಲ್ಲಿ ಶತ್ರು.

ಒಂದು ಮಳೆಗಾಲದಲ್ಲಿ ಅಳಿಯಂದಿರಿದ್ದ ಹೆಲಿಕಾಪ್ಟರು ಸ್ಥಾವರದ ದೀಪಗಳು ಮಸುಕಾಗಿ ಕಂಡು ಮರೆಯಾದೊಡನೆ ಮೇಲೆದ್ದು ಜುಹುವಿಗೆ ಮರಳಿತಂತೆ. ಒಳಗಿದ್ದವರಲ್ಲಿ ಕೆಲವರು ಒಂದು ದಿನ ವ್ಯರ್ಥವಾಯಿತೆಂದು ಗೊಣಗಿದರು. ಮಗಳು ಮಾತ್ರ ಆ ಪೈಲಟರಿಗಾಗಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಮರುದಿನ ಆಕಾಶ ತಿಳಿಯಾಗಿ ಅವರೆಲ್ಲರೂ ಹೋದರು. ಕಡಲಿನಲ್ಲಿ ಅವರ ದಾರಿ ಕಾಯುತ್ತಿದ್ದವರು 15ನೆಯ ದಿನವನ್ನೂ ಅಲ್ಲಿಯೇ ಕಳೆದಿದ್ದರು.