ಉಪ್ಪು ಹಾಕಿದವನು ನೀರು ಕುಡಿಯಬೇಕು

ಮೂವತ್ತಾರು ವರ್ಷ ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಸಂಜೆ ಲೆಕ್ಕ ತಾಳೆಯಾಗದೆ ಮನೆಗೆ ಹೊರಡುವಂತಿರಲಿಲ್ಲ. ಅಂಥ ನಾನು ಹೋದ ಬೇಸಿಗೆಯಲ್ಲಿ ಒಂದು ಸಣ್ಣ ಲೆಕ್ಕದಲ್ಲಿ ಎಡವಿ, ಒಂದು ಜೀವವನ್ನೇ ಕಳೆಯುವುದರಲ್ಲಿದ್ದೆ.

ಜ್ಞಾನಭಾರತಿಯ ನಮ್ಮ ಮನೆಯ ಹಜಾರದಲ್ಲಿ ಮಗ, ಮೊಮ್ಮಗ ಸೇರಿ ಗಾಜಿನ ತೊಟ್ಟಿಯಲ್ಲಿ ನೂರು ಲೀಟರಿನ ಒಂದು ಸಮುದ್ರ ಮಾಡಿದ್ದಾರೆ. ಮಂಗಳೂರಿನ ಕಡಲು ಇಲ್ಲಿಗೆ ಸುಮಾರು 350 ಕಿಲೋಮೀಟರ್ ದೂರ. ಹಾಗಾಗಿ ಶುದ್ಧೀಕರಿಸಿದ ನೀರಿಗೆ ಲೀಟರಿಗೆ 35 ಗ್ರಾಂ ಸಮುದ್ರದ ಉಪ್ಪು ಬೆರೆಸಿ ಕಡಲನ್ನು ನಾವೇ ತಯಾರಿಸಿಕೊಳ್ಳಬೇಕು. ಅದರಲ್ಲಿ ಅಣಬೆಯಂಥ ಒಂದು ಮೆತ್ತನೆಯ ಹವಳವಿದೆ. ಯಾರದೋ ತೊಟ್ಟಿಯಲ್ಲಿ ಬೆಳೆದದ್ದರ ಒಂದು ತುಂಡು ಅದು. ಕಲ್ಲಿನಂಥ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಅವನ್ನು ಮನೆಗೆ ತರುವಂತಿಲ್ಲ.

ಹವಳವೆಂದರೆ ಅಜ್ಜಿಯ ಸರದ ಕೆಂಪು ಮಣಿ ಎಂದಷ್ಟೇ ನಾನು ತಿಳಿದಿದ್ದೆ. ಮಕ್ಕಳೇ, ಅದು ಪ್ರಾಣಿ! ನಮ್ಮ ಹವಳದ ಕೊಡೆಯ ಮೇಲೆ ನೂರಾರು ಪುಟ್ಟ ಬಾಯಿಗಳು. ಪ್ರತಿ ಬಾಯಿಯ ಸುತ್ತ ಎಂಟು ಎಳೆ. ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿದ್ದು, ಬೆಳಕಿನಲ್ಲಿ ಅಡುಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತದೆ.

ರಜೆಯಲ್ಲಿ ಮಗನ ಕುಟುಂಬ ಎರಡು ವಾರ ಊರಿಗೆ ಹೋಯಿತು. ಸೆಕೆಗೆ ನೀರು ಬಿಸಿಯಾಗದಿರಲೆಂದು ತೊಟ್ಟಿಯ ಮೇಲೆ ಪುಟ್ಟ ಫ್ಯಾನ್ ಇತ್ತು. ಅದರ ಗಾಳಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಆವಿಯಾಗುತ್ತಿತ್ತು. ಗೆರೆಯವರೆಗೆ ತುಂಬಿಸುವ ಕೆಲಸ ನನ್ನದು. ಪಕ್ಕದಲ್ಲಿ ಎರಡು ಕ್ಯಾನ್, ಒಂದರಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಸಿಹಿನೀರು. ಯಾವುದೆಂದು ಮೊಮ್ಮಗ ಹೇಳಿದ್ದ. ನಾನು ಪೇಪರ್ ಓದುತ್ತಾ ‘ಹ್ಞೂಂ’ ಎಂದಿದ್ದೆ. ಸಮುದ್ರದಲ್ಲಿ ಕಡಿಮೆಯಾದದ್ದಕ್ಕೆ ಸಮುದ್ರದ ನೀರೇ ಸರಿ ಎಂದು ದಿನವೂ ಉಪ್ಪುನೀರು ಸುರಿದೆ.

ಎಂಟನೆಯ ದಿನ ಹವಳ ಬಾಯಿಗಳನ್ನೆಲ್ಲ ಮುಚ್ಚಿ ಮುದುಡಿಕೊಂಡಿತು. ಆ ರಾತ್ರಿ ಫೋನಿನಲ್ಲಿ ಮೊಮ್ಮಗ, “ಹವಳ ಹೇಗಿದೆ ತಾತ?” ಎಂದ. “ಚೆನ್ನಾಗಿದೆ” ಎಂದುಬಿಟ್ಟೆ. ಮರುದಿನವೂ ಅದೇ ಸುಳ್ಳು. ನಿದ್ದೆ ಬರಲಿಲ್ಲ. ನಗದು ಕಡಿಮೆ ಬಂದರೆ ಕೂಡಲೇ ಹೇಳಿಬಿಡಿ, ಮುಚ್ಚಿಟ್ಟರೆ ತಪ್ಪು ಹೋಗಿ ಮೋಸವಾಗುತ್ತದೆ ಎಂದು ಬ್ಯಾಂಕಿನ ಹೊಸಬರಿಗೆ ಹೇಳಿಕೊಡುತ್ತಿದ್ದವನು ನಾನೇ ಅಲ್ಲವೇ?

ಹತ್ತನೆಯ ದಿನ ಫೋನ್ ಮಾಡಿ ಎಲ್ಲ ಹೇಳಿದೆ. ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೈಡ್ರೋಮೀಟರ್ ನೋಡು ತಾತ” ಎಂದ. 1.026 ಇರಬೇಕಾದದ್ದು 1.030 ತೋರಿಸುತ್ತಿತ್ತು. “ಆವಿಯಾಗೋದು ನೀರು ಮಾತ್ರ ತಾತ, ಉಪ್ಪು ಅಲ್ಲೇ ಇರುತ್ತೆ.” ಲೆಕ್ಕ ಹಾಕಿದೆ. ಹತ್ತು ದಿನಕ್ಕೆ ಹದಿನೈದು ಲೀಟರ್, ಅಂದರೆ 525 ಗ್ರಾಂ ಉಪ್ಪು ಹೆಚ್ಚಾಗಿ ಸೇರಿತ್ತು!

ಎಲ್ಲವನ್ನೂ ಒಂದೇ ದಿನ ಸರಿಮಾಡಲು ಹೊರಟರೆ ಆ ಬದಲಾವಣೆಯೇ ಹವಳಕ್ಕೆ ಪೆಟ್ಟು. ಆದ್ದರಿಂದ ಏಳು ದಿನ, ದಿನಕ್ಕೆ ಎರಡು ಲೀಟರ್ ಉಪ್ಪುನೀರು ತೆಗೆದು ಅಷ್ಟೇ ಸಿಹಿನೀರು ಹಾಕಿದೆ. ಆವಿಯಾದದ್ದಕ್ಕೆ ಬೇರೆ ಸಿಹಿನೀರು. “ಉಪ್ಪು ಹಾಕಿದವರೂ ನೀವೇ, ನೀರು ಕುಡಿಯಬೇಕಾದವರೂ ನೀವೇ” ಎಂದು ನನ್ನ ಹೆಂಡತಿ ನಕ್ಕಳು.

ಊರಿಂದ ಬಂದ ಮೊಮ್ಮಗ ಬೈಯಲಿಲ್ಲ. ಪಕ್ಕದಲ್ಲಿ ಕೂತು ನನ್ನೊಡನೆ ನೀರು ಅಳೆದ. ಕೆಲವು ದಿನ ಕಳೆದು ಒಂದು ಬೆಳಿಗ್ಗೆ, “ತಾತ, ಬಾಯಿ ತೆರೆದಿದೆ!” ಎಂದು ನನ್ನನ್ನು ಎಬ್ಬಿಸಿದ. ಕೊಡೆಯ ಒಂದು ಅಂಚು ಮಾತ್ರ ಕೊಳೆತುಹೋಗಿತ್ತು. ಆ ಕೊರೆ ಇವತ್ತಿಗೂ ಇದೆ.

ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆಯಂತೆ, ಒಮ್ಮೆ ಹೋಗೋಣ ಎನ್ನುತ್ತಾನೆ ಮೊಮ್ಮಗ. 1998ರಲ್ಲಿ, ಮತ್ತೆ 2016ರಲ್ಲಿ ಸಮುದ್ರ ಬಿಸಿಯಾಗಿ ಲಕ್ಷದ್ವೀಪದ ಹವಳಗಳು ಒಳಗಿನ ಪಾಚಿ ಕಳೆದುಕೊಂಡು ಬಿಳುಚಿದ್ದನ್ನೂ ಅವನೇ ಹೇಳಿದ. ಅಲ್ಲಿ ದಿನಕ್ಕೆ ಎರಡು ಲೀಟರ್ ಬದಲಿಸಿ ಸರಿಮಾಡುವಂತಿಲ್ಲವಲ್ಲ ಎಂದುಕೊಂಡೆ.

ಈಗ ಎರಡೂ ಕ್ಯಾನಿನ ಮೇಲೆ ಮೊಮ್ಮಗನ ದಪ್ಪ ಅಕ್ಷರದ ಚೀಟಿಗಳಿವೆ. ನಾನೊಂದು ಹಳೆಯ ಲೆಡ್ಜರಿನಲ್ಲಿ ದಿನವೂ ನೀರಿನ ಲೆಕ್ಕ ಬರೆಯುತ್ತೇನೆ. ಸಂಜೆ ಅವನು ತಾಳೆ ನೋಡಿ ಸಹಿ ಹಾಕುತ್ತಾನೆ.