ಕೊಳವೆಯ ಆ ತುದಿ

ಬೀದರ್‌ನಿಂದ ಜಹೀರಾಬಾದ್ ಮೇಲೆ ಹೈದರಾಬಾದಿಗೆ ಹೋಗುವ ಬಸ್ಸು ನಗರ ಮುಟ್ಟುವ ಮೊದಲು ಪಟಾನ್‌ಚೆರು ದಾಟುತ್ತದೆ. ಆ ದಾರಿಯಲ್ಲಿ ಓಡಾಡಿದ ಹಳಬರ ಬಾಯಲ್ಲಿ ಈ ಊರೆಂದರೆ ಮೊದಲು ವಾಸನೆಯ ಮಾತು.

1970ರ ದಶಕದಿಂದ ಇಲ್ಲಿ ಕಾರ್ಖಾನೆಗಳು ಎದ್ದವು. ಬಹಳಷ್ಟು ಔಷಧದ ಮೂಲವಸ್ತು ತಯಾರಿಸುವಂಥವು. ಅವು ಬಿಟ್ಟ ನೀರು ನಕ್ಕವಾಗು ಎಂಬ ಹಳ್ಳ ಸೇರಿ, ಮಾಂಜ್ರಾ ನದಿಯ ಕಡೆ ಹರಿಯಿತು. (ಬೀದರ್ ಜಿಲ್ಲೆ ಹಾಯ್ದು ಬರುವ ಅದೇ ಮಾಂಜ್ರಾ.) ದಂಡೆಯ ಗದ್ದೆಗಳು ಕೆಟ್ಟವು, ಬಾವಿಗಳೂ ಕೆಟ್ಟವು. ಊರಿನಲ್ಲೇ ವೈದ್ಯರಾಗಿದ್ದ ಡಾ. ಕಿಷನ್ ರಾವ್ 1980ರ ದಶಕದಲ್ಲೇ ಇದರ ವಿರುದ್ಧ ನಿಂತರು. 1990ರಲ್ಲಿ ವಿಷಯ ಸುಪ್ರೀಂ ಕೋರ್ಟು ಮುಟ್ಟಿತು. ರೈತರಿಗೆ ಪರಿಹಾರದ ಆದೇಶವೂ ಬಂತು.

ಇಂಥ ಜಗಳದಲ್ಲಿ ಪಾತ್ರ ಹಂಚುವುದು ಸುಲಭ: ಕರುಳು ರೈತನ ಕಡೆ, ಲೆಕ್ಕ ಕಾರ್ಖಾನೆಯ ಕಡೆ. ಕಾರ್ಖಾನೆಯ ಲೆಕ್ಕವೇನೂ ಸುಳ್ಳಲ್ಲ. ಔಷಧ ಅಗ್ಗವಾದದ್ದರಿಂದಲೇ ಎಷ್ಟೋ ಬಡವರ ಜ್ವರ ಇಳಿದಿದೆ, ಎಷ್ಟೋ ಮನೆಗೆ ಸಂಬಳ ಬಂದಿದೆ. ಇಲ್ಲಿನ ವೈದ್ಯರ ಇಕ್ಕಟ್ಟೂ ಅದೇ. ಚೀಟಿಯಲ್ಲಿ ಬರೆದುಕೊಡುವ ಮದ್ದೇ ಹಳ್ಳದಲ್ಲಿ ವಿಷವಾಗಿ ಹರಿಯುತ್ತದೆ.

ಆದರೆ ಕನ್ನಡದಲ್ಲಿ ದಾರಿ ತಪ್ಪಿದವನಿಗೆ ಹೇಳುವುದು ‘ಬುದ್ಧಿ’. ಹಾಗೆ ಬುದ್ಧಿ ಹೇಳುವ ಅಜ್ಜಿ ತರ್ಕಶಾಸ್ತ್ರ ಕಲಿಸುತ್ತಿರುವುದಿಲ್ಲ. ಆ ಮಾತಿನಲ್ಲಿ ಸಿಟ್ಟು, ಮರುಕ, ಲೆಕ್ಕಾಚಾರ ಎಲ್ಲ ಕಲಸಿಕೊಂಡಿರುತ್ತವೆ. ತೆಲುಗಿನವರೂ ಬುದ್ಧಿಯನ್ನೇ ಹೇಳುತ್ತಾರೆ. ಭಾವ ಮತ್ತು ತರ್ಕವನ್ನು ಎರಡು ಕೋಣೆಗಳಲ್ಲಿ ಕೂರಿಸುವ ಅಭ್ಯಾಸ ಪುಸ್ತಕದ್ದು, ಅಡುಗೆಮನೆಯದಲ್ಲ.

ಪಟಾನ್‌ಚೆರುವಿನಲ್ಲೂ ಎರಡೂ ಬೇರೆಯಾಗಿ ನಡೆಯಲಿಲ್ಲ. 2007ರಲ್ಲಿ ಸ್ವೀಡನ್ನಿನ ಯೊವಾಕಿಮ್ ಲಾರ್ಸನ್ ಮತ್ತು ಸಂಗಡಿಗರು, ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯ ಪಡೆಯುವ ಇಲ್ಲಿನ ಸಾಮೂಹಿಕ ಸಂಸ್ಕರಣ ಘಟಕದಿಂದ ಹೊರಬಿದ್ದ ನೀರಿನ ಪರೀಕ್ಷೆ ಪ್ರಕಟಿಸಿದರು. ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು. ಒಂದು ದಿನ ಹರಿದುಹೋದದ್ದು ಸುಮಾರು 44 ಕಿಲೋ. ಇಡೀ ಸ್ವೀಡನ್ ಐದು ದಿನ ಬಳಸುವಷ್ಟು! ಮಿಲಿಗ್ರಾಂ ಓದಿ ಯಾರ ಎದೆಯೂ ಧಸಕ್ ಎನ್ನುವುದಿಲ್ಲ, ‘ಐದು ದಿನ’ ಓದಿದಾಗ ಎನ್ನುತ್ತದೆ. ಅಂಕಿಯನ್ನು ಹಾಗೆ ತಿರುಗಿಸಿ ಹೇಳಿದವರಿಗೆ ಅದು ಗೊತ್ತಿತ್ತು.

ಹಾಗೆಂದು ಕರುಳಿಗೇ ಎಲ್ಲ ಬಿಡಲಾಗದು. ಕರುಳಿಗೆ ಕಾಣುವುದು ಕಪ್ಪು ನೀರು, ಸತ್ತ ಮೀನು. ಮದ್ದು ಬೆರೆತ ನೀರಲ್ಲಿ ಬದುಕಲು ಕಲಿತ ಬ್ಯಾಕ್ಟೀರಿಯಾಕ್ಕೆ ಬಣ್ಣವೂ ಇಲ್ಲ, ನಾತವೂ ಇಲ್ಲ. ಅದರ ಫಲ ಬೇರೆಲ್ಲೋ, ಯಾವುದೋ ವಾರ್ಡಿನಲ್ಲಿ ಮಾತ್ರೆ ನಾಟದೆ ಮಲಗಿರುವ ಮಗುವಿನಲ್ಲಿ. ಆ ಮಗುವನ್ನು ತೋರಿಸಲು ಪ್ರಯೋಗಾಲಯವೇ ಬೇಕು, ತೋರಿಸಿದ ಮೇಲೆ ಅದಕ್ಕಾಗಿ ಮರುಗಲು ಮನಸ್ಸು ಬೇಕು.

‘ವಿವೇಕ’ ಎಂಬ ಮಾತಿನ ಬೇರಿನಲ್ಲಿ ಧಾನ್ಯ ಕೇರಿ ಹೊಟ್ಟು ಬೇರೆ ಮಾಡುವ ಅರ್ಥವಿದೆ. ನಕ್ಕವಾಗಿನ ಕೊಳೆಗೆ ಕಂಡುಕೊಂಡ ಉಪಾಯವನ್ನೇ ಈ ಮೊರಕ್ಕೆ ಹಾಕಬಹುದು. ಸಂಸ್ಕರಿಸಿದ ತ್ಯಾಜ್ಯವನ್ನು ಸುಮಾರು 18 ಕಿಲೋಮೀಟರ್ ಕೊಳವೆಯಲ್ಲಿ ಒಯ್ದು ನಗರದ ಒಳಚರಂಡಿಗೆ ಸೇರಿಸಲಾಯಿತು. ಅಲ್ಲಿಂದ ಅದು ಊರ ಕೊಳಚೆಯ ಜೊತೆ ಅಂಬರಪೇಟೆಯ ಶುದ್ಧೀಕರಣ ಘಟಕಕ್ಕೆ, ಆಮೇಲೆ ಮೂಸಿ ನದಿಗೆ. ತರ್ಕಕ್ಕೆ ಒಪ್ಪುವ ಏರ್ಪಾಡು: ಬೆರೆಸಿದರೆ ಸಾಂದ್ರತೆ ಇಳಿಯುತ್ತದೆ. ಕರುಳಿಗೂ ಸಮಾಧಾನ, ದೂರುತ್ತಿದ್ದವರ ಬಾಗಿಲಿಂದ ಕೊಳೆ ದೂರ ಹೋಯಿತಲ್ಲ. ಎರಡೂ ತಲೆದೂಗಿದ ಕಡೆಯೇ ಅನುಮಾನ ಪಡಬೇಕಾಗಿತ್ತು. ಕೊಳವೆಯ ಆ ತುದಿಯಲ್ಲಿ ಯಾರಿದ್ದಾರೆ ಎಂಬುದು ತಾಂತ್ರಿಕ ಪ್ರಶ್ನೆಯಾಗಿರಲಿಲ್ಲ.

ಅಲ್ಲಿರುವವರು ಹುಲ್ಲು ಬೆಳೆಯುವವರು. ಹೈದರಾಬಾದಿನ ಕೆಳಗೆ ಮೂಸಿಯ ಎರಡೂ ದಂಡೆಯಲ್ಲಿ ಎಮ್ಮೆಗಳಿಗೆಂದು ಪ್ಯಾರಾ ಹುಲ್ಲು ಹಾಕುತ್ತಾರೆ, ಇನ್ನೂ ಕೆಳಗೆ ಭತ್ತ. ನದಿಯ ನೀರಲ್ಲೇ ನಿಂತು ಕೊಯ್ದ ಹುಲ್ಲಿನ ಹೊರೆ ನಗರದ ಕೊಟ್ಟಿಗೆಗಳಿಗೆ ಹೋಗುತ್ತದೆ, ಆ ಎಮ್ಮೆಗಳ ಹಾಲು ನಗರದ ಮನೆಗಳಿಗೆ.