ಸಮಾಜಶಾಸ್ತ್ರದ ಓದು ಮತ್ತು ಅಮಾನತ್ತಿನ ಪ್ರಶ್ನೆ

ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದೇವೆ ಎಂದೊಡನೆ ಬಂಧುಗಳು ಕೇಳುವ ಮೊದಲ ಪ್ರಶ್ನೆ, "ಅದನ್ನು ಓದಿದರೆ ಏನು ಸಿಗುತ್ತದೆ?" ಎಂಬುದು. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಹೆಣ್ಣುಮಕ್ಕಳ ಶುಲ್ಕ ಕಟ್ಟಿ, ಎರಡು ವರ್ಷಗಳ ಕಾಲ ದಿನವೂ ಬಸ್ಸು ಹತ್ತಿಸಿ ಕಳುಹಿಸುವ ಮನೆಗಳಿಗೆ ಹಾಗೆ ಕೇಳುವ ಹಕ್ಕಿದೆ. ನೆಟ್ ಅಥವಾ ಕೆ-ಸೆಟ್ ತೇರ್ಗಡೆಯಾದರೆ ಕಾಲೇಜಿನಲ್ಲಿ ಬೋಧಿಸಬಹುದು, ಸಮೀಕ್ಷೆ ನಡೆಸುವ ಸಂಸ್ಥೆಗಳಲ್ಲಿ ದುಡಿಯಬಹುದು, ವಿ.ಕೆ.ಆರ್.ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಂತಹ ಕಡೆ ಪಿಎಚ್.ಡಿ.ಗೆ ಪ್ರಯತ್ನಿಸಬಹುದು. ನಾವು ಮೂವರು ಸಹಪಾಠಿಗಳೂ ಇಷ್ಟನ್ನು ಬಾಯಿಪಾಠದಂತೆ ಒಪ್ಪಿಸಿ ಮುಗಿಸುತ್ತೇವೆ. ಈ ಓದು ನಮ್ಮಿಂದ ಏನನ್ನು ಬೇಡುತ್ತದೆ ಎಂಬುದು ಮಾತ್ರ ಅಲ್ಲಿ ಹೇಳಲಾಗದೆ ಉಳಿದುಬಿಡುತ್ತದೆ.

ತರಗತಿಯಲ್ಲಿ ಡರ್ಕೈಮ್, ವೇಬರ್, ಮಾರ್ಕ್ಸ್‌ರ ಪಾಠಗಳು ಸುದೀರ್ಘವಾಗಿಯೇ ನಡೆಯುತ್ತವೆ. 1332ರಲ್ಲಿ ಟ್ಯೂನಿಸ್‌ನಲ್ಲಿ ಜನಿಸಿದ ಇಬ್ನ್ ಖಲ್ದೂನ್‌ಗೆ ದೊರೆಯುವುದು ಒಂದೆರಡು ಪುಟ. ನಮ್ಮ ಪೂರ್ವಿಕರೊಬ್ಬರು ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದರೆಂದು ಹೆಮ್ಮೆಪಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರು ಏನು ಮಾಡಿದರೆಂದು ಕೇಳುವವರು ವಿರಳ. ಪ್ರವಾದಿ ಮೂಸಾ(ಅ)ರ ಸೇನೆಯಲ್ಲಿ ಆರು ಲಕ್ಷ ಜನರಿದ್ದರೆಂದು ಹಿಂದಿನ ಇತಿಹಾಸಕಾರರು ಬರೆದಿಟ್ಟದ್ದನ್ನು ಅವರು ತಮ್ಮ 'ಮುಖದ್ದಿಮಾ'ದಲ್ಲಿ ಪ್ರಶ್ನಿಸುತ್ತಾರೆ. ಅಷ್ಟು ದೊಡ್ಡ ಸೇನೆ ಒಂದು ರಣರಂಗದಲ್ಲಿ ನಿಲ್ಲುವುದು ಹೇಗೆ, ಒಂದು ತುದಿಯಲ್ಲಿ ನಡೆದದ್ದು ಇನ್ನೊಂದು ತುದಿಗೆ ತಿಳಿಯುವುದು ಹೇಗೆ ಎಂಬುದು ಅವರ ವಾದ. ಹೇಳಿದವರು ದೊಡ್ಡವರೆಂಬ ಕಾರಣಕ್ಕೆ ಸಂಖ್ಯೆಯೊಂದನ್ನು ಒಪ್ಪಿಕೊಳ್ಳಬಾರದೆಂಬ ಈ ಪಾಠ 1377ರಷ್ಟು ಹಳೆಯದು.

ನಮ್ಮ ಕಾಲದ ಉದಾಹರಣೆಯೂ ಇದೆ. ಮುಸ್ಲಿಮರ ಮಕ್ಕಳೆಲ್ಲ ಮದ್ರಸದಲ್ಲೇ ಉಳಿದುಬಿಡುತ್ತಾರೆ ಎಂಬ ಮಾತನ್ನು ಹೊರಗಿನವರು ಆಡುತ್ತಿದ್ದರು, ಒಳಗಿನವರೂ ತಲೆದೂಗುತ್ತಿದ್ದರು. 2006ರಲ್ಲಿ ಸಂಸತ್ತಿನ ಮುಂದೆ ಬಂದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ, ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸದಲ್ಲಿ ಓದುವವರು ಸುಮಾರು ಶೇ. 3 ಮಾತ್ರ ಎಂದು ತೋರಿಸಿತು. ನಮ್ಮ ಸಮುದಾಯದ ಕುರಿತು ವೇದಿಕೆಗಳಿಂದ ಹರಿದುಬರುವ ಹೇಳಿಕೆಗಳಲ್ಲಿ ಇಂತಹ ಪರೀಕ್ಷೆಗೆ ನಿಲ್ಲುವಂಥವು ಎಷ್ಟಿರಬಹುದು? (ಮದುವೆ ಮನೆಯ ಊಟದ ಸಾಲಿನಲ್ಲಿ ಕೇಳಿಬರುವ ಅಂಕಿಅಂಶಗಳ ಮಾತಂತೂ ಬೇಡ.)

ಮೂರನೇ ಸೆಮಿಸ್ಟರ್‌ನಲ್ಲಿ ಕ್ಷೇತ್ರಕಾರ್ಯ ಆರಂಭವಾಯಿತು. ನಾವು ಆರಿಸಿಕೊಂಡದ್ದು ದಕ್ಷಿಣ ಕನ್ನಡದ ಒಂದು ಮೊಹಲ್ಲಾದ ಬೀಡಿ ಕಟ್ಟುವ ಮಹಿಳೆಯರನ್ನು. ಪ್ರಶ್ನಾವಳಿಯನ್ನು ಮೊದಲು ಕೆಲವೇ ಮನೆಗಳಲ್ಲಿ ಪರೀಕ್ಷಿಸಿ ನೋಡುವುದು ವಾಡಿಕೆ. 'ನಿಮ್ಮ ಉದ್ಯೋಗವೇನು?' ಎಂಬ ಪ್ರಶ್ನೆಗೆ ಬಂದ ಉತ್ತರ, "ಉದ್ಯೋಗ ಏನೂ ಇಲ್ಲ ಮಗಳೇ, ಮನೆಯಲ್ಲೇ ಇರುವುದು" ಎಂಬುದು. ಹಾಗೆ ಹೇಳುವಾಗಲೂ ಆ ತಾಯಿಯ ಮಡಿಲಲ್ಲಿ ಮೊರವಿತ್ತು. ಕೈಗಳು ಎಲೆ ಸುತ್ತಿ ನೂಲು ಬಿಗಿಯುತ್ತಲೇ ಇದ್ದವು. ಆ ಉತ್ತರವನ್ನು ಹಾಗೆಯೇ ಬರೆದುಕೊಂಡಿದ್ದರೆ ಆ ಓಣಿಯಲ್ಲಿ ದುಡಿಯುವ ಹೆಣ್ಣೇ ಇಲ್ಲವೆಂದು ನಮ್ಮ ಪ್ರಬಂಧ ಸಾರುತ್ತಿತ್ತು. ಆದ್ದರಿಂದ ಪ್ರಶ್ನೆಯನ್ನು ಬದಲಿಸಲಾಯಿತು: ನಿನ್ನೆ ಸುಬ್‌ಹಿ ನಮಾಝಿನಿಂದ ಮಲಗುವವರೆಗೆ ಏನೇನು ಮಾಡಿದಿರಿ? ಆಗ ಅಡುಗೆಯ ನಡುವೆ, ಮಗುವಿನ ನಿದ್ದೆಯ ನಡುವೆ, ಇಶಾ ನಮಾಝಿನ ನಂತರವೂ ಬೀಡಿ ಕಾಣಿಸಿಕೊಂಡಿತು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆ ಸಮೀಕ್ಷೆಯೂ ಇದೇ ಜಾಡಿನದು.

ಮನೆಗಳ ಆಯ್ಕೆಯಲ್ಲೂ ಇಂತಹುದೇ ತೊಡಕಿತ್ತು. ಜಮಾಅತ್ ಕಮಿಟಿಯವರು ತಮ್ಮ ದಫ್ತರನ್ನು ಪ್ರೀತಿಯಿಂದಲೇ ಕೊಟ್ಟರು. ಆದರೆ ಅದರಲ್ಲಿದ್ದದ್ದು ಮಾಸಿಕ ವಂತಿಗೆ ಕೊಡುವ ಕುಟುಂಬಗಳ ಯಜಮಾನರ ಹೆಸರುಗಳು. ಬಾಡಿಗೆ ಮನೆಯ ವಿಧವೆ, ಗಂಡ ಬಿಟ್ಟುಹೋದವಳು, ಬೇರೆ ಊರಿನಿಂದ ಬಂದು ನೆಲೆಸಿದವಳು ಆ ಪಟ್ಟಿಯಲ್ಲಿರಲಿಲ್ಲ. ನಾವು ಓಣಿ ಓಣಿ ನಡೆದು ಬಾಗಿಲುಗಳನ್ನೇ ಎಣಿಸಿದೆವು. ಪಟ್ಟಿಯ ಹೊರಗಿದ್ದ ಮನೆಗಳಲ್ಲೇ ಹೆಚ್ಚಿನ ಸಂಕಷ್ಟ ಕಂಡಿತು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಕಾರ್ಮಿಕರೆಂದೇ ಪರಿಗಣಿಸಿತ್ತು. 1976ರ ಕಲ್ಯಾಣ ನಿಧಿ ಕಾಯ್ದೆಯಿಂದಾಗಿ ಚಿಕಿತ್ಸೆಗೂ ಮಕ್ಕಳ ವಿದ್ಯಾರ್ಥಿವೇತನಕ್ಕೂ ದಾರಿಯಿದೆ. ಆದರೆ ಈ ಮನೆಗಳಲ್ಲಿ ಕೆಲವರು ಕಟ್ಟುತ್ತಿದ್ದುದು ಬೇರೊಬ್ಬರ ಪಾಸ್‌ಬುಕ್‌ನಲ್ಲಿ. ದುಡಿಮೆ ಇವರದು, ದಾಖಲೆ ಇನ್ನೊಬ್ಬರದು.

ವಿಷಯ ಕಮಿಟಿಗೆ ತಲುಪಿತು. ರಮಝಾನ್ ಸಮೀಪಿಸುತ್ತಿತ್ತು. ಹಿರಿಯರೊಬ್ಬರು ನಮ್ಮನ್ನು ಕರೆಸಿ, "ನೀವು ಕಂಡ ಬಡ ಮನೆಗಳ ಹೆಸರು ಬರೆದುಕೊಡಿ, ಝಕಾತ್ ತಲುಪಿಸುತ್ತೇವೆ. ಇದಕ್ಕಿಂತ ದೊಡ್ಡ ಪುಣ್ಯ ಯಾವುದು?" ಎಂದರು. ಅವರ ಸದುದ್ದೇಶದಲ್ಲಿ ನಮಗೆ ಸಂದೇಹವಿರಲಿಲ್ಲ. ಆದರೆ ಪ್ರತಿಯೊಂದು ಮನೆಯಲ್ಲೂ ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಹೆಸರು ಹೊರಗೆ ಹೋಗುವುದಿಲ್ಲವೆಂದು ಮಾತು ಕೊಟ್ಟವರು ನಾವು.

ಆ ದಿನಗಳಲ್ಲಿ ನಾವು ಮತ್ತೆ ಮತ್ತೆ ಓದಿದ್ದು ಅಲ್-ಹುಜುರಾತ್ ಅಧ್ಯಾಯವನ್ನು. ಅದರ 6ನೇ ಸೂಕ್ತವು ಬಂದ ಸುದ್ದಿಯನ್ನು ಪರಿಶೀಲಿಸಲು ಆದೇಶಿಸುತ್ತದೆ. ಸಮೀಕ್ಷೆಗೆ ಅದೊಂದು ಬೆಂಬಲವೆಂದೇ ನಾವು ಭಾವಿಸಿದ್ದೆವು. ಅದೇ ಅಧ್ಯಾಯದ 12ನೇ ಸೂಕ್ತವು ಅನ್ಯರ ಗುಟ್ಟು ಕೆದಕುವುದನ್ನೂ ಬೆನ್ನ ಹಿಂದೆ ಆಡಿಕೊಳ್ಳುವುದನ್ನೂ ನಿಷೇಧಿಸುತ್ತದೆ. ಇವೆರಡರ ನಡುವಿನ ದಾರಿ ಬಹಳ ಕಿರಿದು. ಎಂ.ಎನ್. ಶ್ರೀನಿವಾಸರು 1948ರಲ್ಲಿ ತಾವು ನೆಲೆಸಿ ಅಧ್ಯಯನ ಮಾಡಿದ ಮೈಸೂರು ಸೀಮೆಯ ಹಳ್ಳಿಯನ್ನು 'ರಾಮಪುರ' ಎಂಬ ಕಲ್ಪಿತ ಹೆಸರಿನಿಂದ ಕರೆದದ್ದು ಪಠ್ಯದಲ್ಲಿ ಒಂದು ಸಾಲಿನ ಮಾಹಿತಿ. ಕಮಿಟಿಯ ಎದುರು ಕುಳಿತಾಗ ಆ ಸಾಲಿನ ತೂಕ ತಿಳಿಯಿತು.

ಹೆಸರುಗಳನ್ನು ನಾವು ಕೊಡಲಿಲ್ಲ. ಎಷ್ಟು ಮನೆಗಳು ದಫ್ತರಿನ ಹೊರಗಿವೆ, ಎಷ್ಟು ಮಂದಿಗೆ ಸ್ವಂತ ಪಾಸ್‌ಬುಕ್ ಇಲ್ಲ ಎಂಬ ಲೆಕ್ಕವನ್ನಷ್ಟೇ ಕೊಟ್ಟೆವು. ಹಿರಿಯರಿಗೆ ಬೇಸರವಾಯಿತು. "ಹಸಿದವರಿಗಿಂತ ನಿಮ್ಮ ಪ್ರಬಂಧ ದೊಡ್ಡದೇ?" ಎಂದು ಕೇಳಿದರು. ಆ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ, ಏಕೆಂದರೆ ಅದು ಪೂರ್ತಿ ತಳ್ಳಿಹಾಕುವಂತಹ ಮಾತಲ್ಲ. ಖತೀಬ್ ಉಸ್ತಾದರು ಮಾತ್ರ, "ಅಮಾನತ್ತು ಅವರದು, ಅವರನ್ನೇ ಕೇಳಿಬನ್ನಿ" ಎಂದರು.

ತೀರಾ ಕಷ್ಟದಲ್ಲಿದ್ದ ನಾಲ್ಕು ಮನೆಗಳಿಗೆ ಮರಳಿ ಹೋಗಿ ಕೇಳಿದೆವು. ಮೂವರು ಸಮ್ಮತಿಸಿದರು, ಅವರೇ ಹೇಳಿದಂತೆ ಬರೆದುಕೊಂಡು ಹೋಗಿ ಕೊಟ್ಟೆವು. ಆ ರಮಝಾನಿನಲ್ಲಿ ಅವರಿಗೆ ಝಕಾತ್ ತಲುಪಿತು. ಪಾಸ್‌ಬುಕ್‌ನ ವಿಚಾರ ಇನ್ನೂ ಬಗೆಹರಿದಿಲ್ಲ. ನಾಲ್ಕನೆಯ ತಾಯಿ ನಮಗೆ ಚಹಾ ಕೊಟ್ಟು, ಬಾಗಿಲವರೆಗೆ ಬಂದು, "ಬೇಡ ಮಗಳೇ, ದೊಡ್ಡವಳಿಗೆ ಸಂಬಂಧ ನೋಡುತ್ತಿದ್ದೇವೆ. ಹೆಸರು ಪಟ್ಟಿಯಲ್ಲಿ ಬರುವುದು ಬೇಡ" ಎಂದರು. ನಮ್ಮ ದತ್ತಾಂಶದಲ್ಲಿ ಆ ಮನೆ ಈಗಲೂ ಬರಿಯ 27ನೇ ಸಂಖ್ಯೆ. ಪ್ರಬಂಧ ಸಲ್ಲಿಸಲು ಇನ್ನು ಆರು ವಾರಗಳಿವೆ. ಆ ತಾಯಿಯ ಹೆಗಲ ನೋವನ್ನೂ ಆ ಮದುವೆಯ ಚಿಂತೆಯನ್ನೂ ಯಾವ ಕೋಷ್ಟಕದಲ್ಲಿ ಸೇರಿಸಬೇಕೆಂದು ಮಾರ್ಗದರ್ಶಕರೊಂದಿಗೆ ಚರ್ಚಿಸುತ್ತಲೇ ಇದ್ದೇವೆ.